ಎಡೆದೊರೆಯ ಹಳೆಯ ಅಲಗುಗಳು: ಅಸಲಿತನ ಎಲ್ಲಿದೆ?

ಹಳೆಯ ಯುದ್ಧಸಾಮಗ್ರಿ ಸಂಗ್ರಹಿಸುವವರ ಲೋಕದಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾದ ವಸ್ತುಗಳಿಗೆ ದೊಡ್ಡ ಬೇಡಿಕೆ ಇದೆ. ಪ್ರಷ್ಯದ ಕಬ್ಬಿಣದ ಶಿಲುಬೆ, ಮೊನೆಯಿರುವ ಚರ್ಮದ ಶಿರಸ್ತ್ರಾಣ, ಜೋಲಿಂಗನ್ ಊರಿನ ಕತ್ತಿ, ಹ್ಯಾಪ್ಸ್‌ಬರ್ಗ್ ಚಕ್ರವರ್ತಿಗಳ ಪದಕ, ಇವನ್ನು ಕೊಳ್ಳುವವರು ಎಲ್ಲ ಖಂಡಗಳಲ್ಲೂ ಇದ್ದಾರೆ. ಬೇಡಿಕೆ ಇದ್ದಲ್ಲಿ ನಕಲಿಯೂ ಇರುತ್ತದೆ. ಹೀಗಾಗಿ ಈ ಕ್ಷೇತ್ರದಲ್ಲಿ ಸಂಗ್ರಹಕ್ಕಿಂತ ಪರೀಕ್ಷೆಯೇ ದೊಡ್ಡ ವಿದ್ಯೆಯಾಗಿ ಬೆಳೆದಿದೆ.

ಇದಕ್ಕೂ ರಾಯಚೂರು ಸೀಮೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಎರಡು ಬಗೆಯದು. ಜರ್ಮನ್ ಕಮ್ಮಾರರು ಬಡಿದ ಅಲಗುಗಳು 16 ಮತ್ತು 17ನೆಯ ಶತಮಾನಗಳಲ್ಲೇ ದಖ್ಖನಿಗೆ ಬಂದು ಇಲ್ಲಿನ ಹಿಡಿಕೆ ತೊಟ್ಟವು. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳ ಕುದುರೆ ಸವಾರರು ಜರ್ಮನ್, ಆಸ್ಟ್ರಿಯನ್ ತೋಪಿನವರು ನಿಂತಿದ್ದ ರಣರಂಗಗಳಿಗೆ ಹೋಗಿಬಂದರು. ಇದು ಒಂದು ಬಗೆ. ಇನ್ನೊಂದು ಬಗೆ ಇದಕ್ಕಿಂತ ಮುಖ್ಯವಾದದ್ದು. ಒಂದು ಹಳೆಯ ವಸ್ತು ಅಸಲಿ ಎಂದು ಹೇಳುವುದು ಹೇಗೆ ಎಂಬ ಪ್ರಶ್ನೆಗೆ ಈ ನೆಲದಲ್ಲೇ ಬಹಳ ಒಳ್ಳೆಯ ಉತ್ತರವಿದೆ. ಆ ಉತ್ತರವನ್ನು ನಾವೇ ಸರಿಯಾಗಿ ಬಳಸಿಕೊಂಡಿಲ್ಲ.

ಯುದ್ಧದ ದಾರಿಯಲ್ಲಿದ್ದ ನಾಡು

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಸೀಮೆಗೆ ಶಾಸನಗಳಲ್ಲಿ ಎಡೆದೊರೆ ಎಂಬ ಹೆಸರಿದೆ. ಕಪ್ಪು ಮಣ್ಣು, ಎರಡೂ ಕಡೆ ನೀರು, ನೆಲದಡಿಯಲ್ಲಿ ಹಟ್ಟಿಯ ಚಿನ್ನ. ಇಂಥ ನಾಡು ಯಾರಿಗೆ ಬೇಡ? ಬಹಮನಿ ಸುಲ್ತಾನರು ಮತ್ತು ವಿಜಯನಗರದ ಅರಸರು, ಆಮೇಲೆ ಬಿಜಾಪುರದ ಆದಿಲಶಾಹಿಗಳು ಇದಕ್ಕಾಗಿ ಎರಡು ಶತಮಾನ ಕಾದಾಡಿದರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಕೋಟೆ ಎಷ್ಟೋ ಸಲ ಕೈ ಬದಲಾಯಿಸಿತು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ. ಆ ಮುತ್ತಿಗೆಯಲ್ಲಿ ಕ್ರಿಸ್ತೋವಾಂವ್ ದ ಫಿಗೆರೇದು ಎಂಬ ಪೋರ್ಚುಗೀಸನ ಕಡೆಯ ಬಂದೂಕಿನವರು ಕೋಟೆಗೋಡೆಯ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಹೊಡೆದ ಸಂಗತಿಯನ್ನು ಪೋರ್ಚುಗೀಸ್ ವರ್ತಕ ಫೆರ್ನಾಂವ್ ನೂನಿಜ್ ಬರೆದಿಟ್ಟಿದ್ದಾನೆ. ಆದಿಲಶಾಹನಿಂದ ರಾಯನಿಗೆ 400 ದೊಡ್ಡ ತೋಪುಗಳು ಸಿಕ್ಕವೆಂದೂ ಅವನು ಹೇಳುತ್ತಾನೆ. ಆ ಸಂಖ್ಯೆ ಎಷ್ಟರಮಟ್ಟಿಗೆ ನಿಜವೋ, ಯುರೋಪಿನ ಆಯುಧ ಮತ್ತು ಆಯುಧ ಬಲ್ಲವರು ಅಷ್ಟು ಹೊತ್ತಿಗೇ ಎಡೆದೊರೆಗೆ ಬಂದಿದ್ದರೆಂಬುದರಲ್ಲಿ ಸಂಶಯವಿಲ್ಲ.

1565ರ ರಕ್ಕಸಗಿ-ತಂಗಡಗಿ ಯುದ್ಧ ನಡೆದದ್ದೂ ಇದೇ ಕೃಷ್ಣೆಯ ದಡದಲ್ಲಿ. ಆಮೇಲೆ ಮರಾಠರು, ಮೊಗಲರು, ನಿಜಾಮರು ಬಂದರು. 1853ರಲ್ಲಿ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಖರ್ಚಿಗೆಂದು ನಿಜಾಮ ಈ ಸೀಮೆಯನ್ನು ಇಂಗ್ಲಿಷರಿಗೆ ಒಪ್ಪಿಸಿದ. 1860ರಲ್ಲಿ ಅದು ಅವನಿಗೆ ಮರಳಿತು. ಲಿಂಗಸುಗೂರಿನಲ್ಲಿ ಕಂಟಿಂಜೆಂಟಿನ ಛಾವಣಿ ಇತ್ತು. ಸುರಪುರದ ವೆಂಕಟಪ್ಪ ನಾಯಕ 1858ರಲ್ಲಿ ತಿರುಗಿಬಿದ್ದಾಗ ಅವನ ಮೇಲೆ ಹೋದ ಸೈನ್ಯದಲ್ಲಿ ಲಿಂಗಸುಗೂರಿನ ದಂಡೂ ಇತ್ತು. 'ಒಬ್ಬ ಠಗ್ಗನ ಆತ್ಮಕಥೆ' ಬರೆದ ಮೆಡೋಸ್ ಟೇಲರ್ ಅಧಿಕಾರಿಯಾಗಿ ವಾಸವಿದ್ದ ಊರೂ ಲಿಂಗಸುಗೂರೇ. 1905ರವರೆಗೆ ಲಿಂಗಸುಗೂರು ಒಂದು ಜಿಲ್ಲೆಯ ಕೇಂದ್ರವಾಗಿತ್ತು.

ಇಷ್ಟು ಶತಮಾನಗಳ ಕಾಳಗ ಕಂಡ ನಾಡಿನಲ್ಲಿ ಆಯುಧ ಉಳಿಯದೆ ಹೇಗೆ? ಗೌಡರ, ದೇಸಾಯರ ವಾಡೆಗಳಲ್ಲಿ, ಗುರುಗುಂಟದಂಥ ಸಂಸ್ಥಾನಗಳ ವಂಶಗಳಲ್ಲಿ, ವೀರಭದ್ರನ ಗುಡಿಗಳಲ್ಲಿ, ಮೊಹರಂ ಅಲಾಯಿ ದೇವರ ಪಂಜಾಗಳ ಪಕ್ಕದಲ್ಲಿ ಕತ್ತಿ, ಕಟಾರಿ, ಈಟಿ, ಢಾಲುಗಳು ಉಳಿಯುತ್ತ ಬಂದವು. ಉಳಿದದ್ದಕ್ಕಿಂತ ಹೋದದ್ದು ಹೆಚ್ಚು. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಬಂದಾಗ ಮುಧೋಳದ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ಸಿಡಿದೆದ್ದು ಪ್ರಾಣ ಕೊಟ್ಟರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ವಿಮೋಚನೆಯಾದಾಗ ಮತ್ತೆ ಕಾಲ ಬದಲಾಯಿತು. ಇಂಥ ಪ್ರತಿ ತಿರುವಿನಲ್ಲೂ ಹೆದರಿದ ಮನೆಗಳು ಆಯುಧವನ್ನು ಮುಚ್ಚಿಡುತ್ತವೆ, ಬಾವಿಗೆ ಹಾಕುತ್ತವೆ, ಇಲ್ಲವೆ ಕುಲುಮೆಗೆ ಕೊಟ್ಟು ಕುಡಗೋಲು ಮಾಡಿಸುತ್ತವೆ. ಅಂಥದರಲ್ಲೂ ಉಳಿದು ಬಂದ ಒಂದೊಂದು ಅಲಗಿಗೆ ಅಪರೂಪದ ಬೆಲೆ ಇದೆ.

ಜರ್ಮನ್ ಅಲಗು, ದಖ್ಖನಿ ಹಿಡಿಕೆ

ನಮ್ಮಲ್ಲಿ ತೋಪಿಗೆ ಫಿರಂಗಿ ಎನ್ನುತ್ತೇವೆ. ದಖ್ಖನಿನ ಆಯುಧ ಬಲ್ಲವರು ಯುರೋಪಿನ ಅಲಗು ಕೂಡಿಸಿದ ನೀಳ, ನೇರ ಕತ್ತಿಗೂ ಅದೇ ಹೆಸರು ಹೇಳುತ್ತಾರೆ. ಗೋವೆಯ ಪೋರ್ಚುಗೀಸರು, ಆಮೇಲೆ ಡಚ್ಚರು, ಇಂಗ್ಲಿಷರು ಹಡಗಿನಲ್ಲಿ ತಂದಿಳಿಸಿದ ಸರಕಿನಲ್ಲಿ ಕತ್ತಿಯ ಅಲಗುಗಳೂ ಇದ್ದವು. ಅವುಗಳಲ್ಲಿ ಬಹುಪಾಲು ತಯಾರಾದದ್ದು ಜರ್ಮನಿಯ ಜೋಲಿಂಗನ್ನಿನಲ್ಲಿ. ಇಲ್ಲಿನ ಕಸುಬುದಾರರು ಅವಕ್ಕೆ ಅಗಲವಾದ ಕೈಕಾವಲು, ತಟ್ಟೆಯಂಥ ತುದಿ, ಅದರ ಮೇಲೊಂದು ಉದ್ದನೆಯ ಮೊಳೆ ಇರುವ ಖಂಡೆಯ ಹಿಡಿಕೆ ಜೋಡಿಸಿದರು. ಮೊಣಕೈವರೆಗೆ ಉಕ್ಕಿನ ಕವಚದೊಳಗೆ ಕೈ ತೂರಿಸಿ ಬೀಸುವ ಪಟ್ಟಾ ಕತ್ತಿಗಳಿಗೂ ಇವೇ ಅಲಗುಗಳನ್ನು ಹಾಕಿದ್ದುಂಟು. ತಂಜಾವೂರಿನ ಅರಮನೆಯ ಆಯುಧಾಗಾರದಿಂದ 19ನೆಯ ಶತಮಾನದಲ್ಲಿ ಮದ್ರಾಸಿನ ಸರ್ಕಾರಿ ಸಂಗ್ರಹಾಲಯಕ್ಕೆ ಬಂದ ಕಟಾರಿಗಳಲ್ಲಿ ಎಷ್ಟೋ ಕಟಾರಿಗಳ ಅಲಗು ಯುರೋಪಿನ ಕತ್ತಿಯಿಂದ ಕತ್ತರಿಸಿ ತೆಗೆದದ್ದು.

ಇದರಲ್ಲಿ ಒಂದು ಸೋಜಿಗವಿದೆ. ಜಗತ್ತಿಗೇ ಹೆಸರಾದ ಉಕ್ಕು ಈ ದಖ್ಖನಿನದು. ಇಂದಿನ ತೆಲಂಗಾಣದ ಕೋನಸಮುದ್ರದಲ್ಲಿ ಮೂಸೆಯಲ್ಲಿ ಕರಗಿಸಿದ ಉಕ್ಕಿನ ಗಟ್ಟಿಗಳು ಪರ್ಷಿಯಾದವರೆಗೆ ಹೋಗುತ್ತಿದ್ದವು. ಹಾಗಿದ್ದೂ ಇಲ್ಲಿನವರು ಜರ್ಮನ್ ಅಲಗು ಯಾಕೆ ಕೊಂಡರು? ಮೂಸೆಯ ಉಕ್ಕಿನ ಬಾಗಿದ ಕತ್ತಿ ಕೊಯ್ಯುವುದರಲ್ಲಿ ಸಾಟಿಯಿಲ್ಲದ್ದು. ಆದರೆ ಅದು ಗಡುಸು, ತೆಳ್ಳಗೆ ಉದ್ದವಾಗಿ ಬಡಿದರೆ ಮುರಿಯುವ ಭಯ. ಜೋಲಿಂಗನ್ನಿನ ನೇರ ಅಲಗು ಬಾಗಿ ಮತ್ತೆ ನೆಟ್ಟಗಾಗುವಂಥದ್ದು, ರಾಶಿಗಟ್ಟಲೆ ಸಿಗುತ್ತಿದ್ದದ್ದು. ಸವಾರನಿಗೆ ಬೇಕಾದದ್ದು ಅದೇ.

ಈ ಅಲಗುಗಳಲ್ಲಿ ಕೆಲವುಗಳ ಮೇಲೆ ಒಂದು ಗುರುತು ಇರುತ್ತದೆ. ಹಿಡಿಕೆಗೆ ಹತ್ತಿರ, ಅಲಗಿನ ನಡುವೆ ತೋಡಿದ ಕಾಲುವೆಯಲ್ಲಿ, ಉಳಿಯಿಂದ ಹತ್ತಾರು ಗೀರು ಎಳೆದು ಮಾಡಿದ ಒಂದು ಪ್ರಾಣಿ. ಚಿಕ್ಕ ಮಕ್ಕಳು ಸ್ಲೇಟಿನ ಮೇಲೆ ಬರೆದ ನಾಯಿಯಂತೆ ಕಾಣುತ್ತದೆ: ಒಂದು ಉದ್ದ ಗೀರು ಬೆನ್ನು, ನಾಲ್ಕು ಗೀರು ಕಾಲು, ಮೇಲಕ್ಕೆತ್ತಿದ ಬಾಲ. ಗೀರುಗಳೊಳಗೆ ಹಿತ್ತಾಳೆಯ ತಂತಿ ಬಡಿದು ಕೂರಿಸಿರುತ್ತಾರೆ. ಹಳೆಯ ಅಲಗಿನಲ್ಲಿ ಆ ಹಿತ್ತಾಳೆ ಅಲ್ಲಲ್ಲಿ ಕಿತ್ತುಹೋಗಿ ಖಾಲಿ ಗೀರು ಉಳಿದಿರುತ್ತದೆ. ಇದು ಓಡುವ ತೋಳ. ಮೂಲತಃ ಆಸ್ಟ್ರಿಯದ ಗಡಿಯಲ್ಲಿ ಡ್ಯಾನ್ಯೂಬ್ ನದಿಯ ಮೇಲಿರುವ ಪಸ್ಸಾವ್ ಊರಿನ ಕಮ್ಮಾರರ ಗುರುತು. ಆ ತೋಳಕ್ಕೆ ಹೆಸರು ಬಂದ ಮೇಲೆ ಜೋಲಿಂಗನ್ನಿನವರು ಅದನ್ನೇ ತಮ್ಮ ಅಲಗಿಗೂ ಹಾಕತೊಡಗಿದರು. ಅಷ್ಟಕ್ಕೇ ನಿಲ್ಲದೆ ಸ್ಪೇನಿನ ತೊಲೆದೊ, ಇಟಲಿಯ ಊರುಗಳ ಹೆಸರಾಂತ ಕಮ್ಮಾರರ ಹೆಸರನ್ನೂ ಕೊರೆದರು. ಇತ್ತ ಭಾರತದ ಕಮ್ಮಾರರು ಯುರೋಪಿನ ಹಲ್ಲುಹಲ್ಲಿನ ಅರ್ಧಚಂದ್ರದ ಗುರುತನ್ನು ತಾವು ಬಡಿದ ಅಲಗಿನ ಮೇಲೆ ಒತ್ತಿದರು.

ಅಂದರೆ ಇವತ್ತು ನಾವು ಮುದ್ರೆ ನೋಡಿ ಅಸಲಿ ಎನ್ನಲು ಹೊರಟರೆ, ನಾಲ್ಕುನೂರು ವರ್ಷ ಹಿಂದಿನ ನಕಲಿಯೇ ನಮಗೆ ಅಡ್ಡ ಬರುತ್ತದೆ. ಹಾಗೆಂದು ಆ ಅಲಗು ಕಡಿಮೆಯದೇನೂ ಅಲ್ಲ. ಪಸ್ಸಾವ್ ತೋಳದ ಜೋಲಿಂಗನ್ ಅಲಗಿಗೆ ಬಿಜಾಪುರದ ಹಿಡಿಕೆ ಕೂಡಿದ್ದರೆ, ಆ ಒಂದು ಕತ್ತಿಯಲ್ಲಿ ಮೂರು ಊರುಗಳ ವ್ಯಾಪಾರ, ಕಸುಬು ಮತ್ತು ನಂಬಿಕೆಗಳು ಒಟ್ಟಿಗಿವೆ. ಅದನ್ನು 'ಜರ್ಮನ್ ಕತ್ತಿ' ಎಂದರೂ ತಪ್ಪು, 'ಕನ್ನಡದ ಕತ್ತಿ' ಎಂದರೂ ಅರ್ಧ ಸತ್ಯ.

ಹೈಫಾದ ಕಥೆ, ಪದಕದ ಅಂಚು

ಜರ್ಮನ್ ಮತ್ತು ಆಸ್ಟ್ರಿಯನ್ ಸೈನ್ಯಗಳು ಕನ್ನಡಿಗರಿಗೆ ನೇರವಾಗಿ ಎದುರಾದದ್ದು 1914ರಿಂದ 1918ರ ಯುದ್ಧದಲ್ಲಿ. ಮೈಸೂರು, ಹೈದರಾಬಾದ್, ಜೋಧಪುರ ಸಂಸ್ಥಾನಗಳ ಲ್ಯಾನ್ಸರ್ಸ್ ಪಡೆಗಳು 15ನೆಯ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಿನಲ್ಲಿ ಕಾದಿದವು. ಅಂದು ಸಿಂಧನೂರು, ಲಿಂಗಸುಗೂರುಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣ ಹಿಡಿದದ್ದು ಈ ಬ್ರಿಗೇಡಿನ ಮೈಸೂರು ಮತ್ತು ಜೋಧಪುರದ ಸವಾರರು. ಪಟ್ಟಣ ಕಾಯುತ್ತಿದ್ದ ಒಟ್ಟೋಮನ್ ಸೈನ್ಯಕ್ಕೆ ಜರ್ಮನ್ ಮತ್ತು ಆಸ್ಟ್ರಿಯನ್ ತೋಪಿನವರ ಬೆಂಬಲವಿತ್ತು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ತೋಪುಗಳನ್ನು ಹಿಡಿಯಿತು. ಜೋಧಪುರದವರು ಪಟ್ಟಣಕ್ಕೆ ನುಗ್ಗಿದರು, ಅವರ ಮೇಜರ್ ದಲಪತ್ ಸಿಂಗ್ ಅಲ್ಲಿ ಮಡಿದರು. ಸಂಜೆಯ ಹೊತ್ತಿಗೆ 1,350 ಸೆರೆಯಾಳುಗಳೂ 17 ತೋಪುಗಳೂ ವಶವಾಗಿದ್ದವು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಸವಾರರು ಈ ಮೂರು ಸಂಸ್ಥಾನಗಳ ಗುರುತು. ಅವರಲ್ಲಿ ಮೈಸೂರಿನವನೂ ಹೈದರಾಬಾದಿನವನೂ ಇದ್ದಾರೆ. ಮೈಸೂರು ಲ್ಯಾನ್ಸರ್ಸಿನ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ.

ಲಿಂಗಸುಗೂರು ಛಾವಣಿಯಲ್ಲಿ ಹಿಂದೆ ತಂಗಿದ್ದ ಹೈದರಾಬಾದ್ ಕಂಟಿಂಜೆಂಟ್ 1903ರಲ್ಲಿ ಭಾರತೀಯ ಸೈನ್ಯದಲ್ಲಿ ಸೇರಿಹೋಗಿತ್ತು. ಅದರ ಕುದುರೆ ದಳದಿಂದ ಬಂದ 20ನೆಯ ಡೆಕ್ಕನ್ ಹಾರ್ಸ್ 1916ರ ಜುಲೈ 14ರಂದು ಫ್ರಾನ್ಸಿನ ಸೋಮ್ ಬಯಲಿನಲ್ಲಿ, ಹೈವುಡ್ ಎಂಬ ಕಾಡಿನ ಬಳಿ, ಜರ್ಮನರ ಮೇಲೆ ಈಟಿ ಹಿಡಿದು ದಾಳಿ ಮಾಡಿತು.

ಈ ಇತಿಹಾಸ ಗೊತ್ತಿದ್ದರೆ, 'ನಮ್ಮ ಮುತ್ತಜ್ಜ ಜರ್ಮನ್ನರಿಂದ ಕಿತ್ತುಕೊಂಡು ಬಂದದ್ದು' ಎಂಬ ಮಾತು ಅಸಾಧ್ಯವಾದದ್ದಲ್ಲ ಎಂದು ತಿಳಿಯುತ್ತದೆ. ಆದರೆ ಸಾಧ್ಯವೆಂದ ಮಾತ್ರಕ್ಕೆ ಅದು ಸತ್ಯವೂ ಆಗುವುದಿಲ್ಲ. ಅಂಥ ಮಾತಿಗೆ ಆಧಾರ ಹುಡುಕುವ ಸುಲಭ ದಾರಿ ಮನೆಯಲ್ಲೇ ಇರಬಹುದಾದ ಪದಕ. ಯುದ್ಧಕ್ಕೆ ಹೋದವರಿಗೆ ಇಂಗ್ಲಿಷ್ ಸರ್ಕಾರ ಕೊಟ್ಟ ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದು, 36 ಮಿಲಿಮೀಟರ್ ಅಡ್ಡಳತೆಯದು. ಕುದುರೆ ಕಾಯುವವರು, ಹೇಸರಗತ್ತೆ ನಡೆಸುವವರು ಮುಂತಾದ ಹಿಂಬಾಲಕರಿಗೆ ಅದನ್ನೇ ಕಂಚಿನಲ್ಲಿ ಕೊಟ್ಟರು. ಪದಕವನ್ನು ಓರೆಯಾಗಿ ಹಿಡಿದು ಅಂಚು ನೋಡಬೇಕು. ಅಲ್ಲಿ ಸಂಖ್ಯೆ, ಹುದ್ದೆ, ಹೆಸರು, ಪಡೆ ಇಷ್ಟನ್ನೂ ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಮೋಸಗಾರರು ಹಳೆಯ ಹೆಸರನ್ನು ಅರದಿಂದ ಉಜ್ಜಿ ಹಾಕಿ, ಹೆಸರಾದ ಪಡೆಯ ಹೆಸರು ಹೊಸದಾಗಿ ಕೊರೆಯುತ್ತಾರೆ. ಆಗ ಅಂಚು ತೆಳುವಾಗುತ್ತದೆ. ವರ್ನಿಯರ್ ಕ್ಯಾಲಿಪರ್ ಹಿಡಿದು ನಾಲ್ಕಾರು ಕಡೆ ಅಳೆದರೆ ವ್ಯತ್ಯಾಸ ಕೈಗೆ ಸಿಗುತ್ತದೆ.

ಇಂಥ ಪದಕಗಳ ದೊಡ್ಡ ಶತ್ರು ನಕಲಿಯವರಲ್ಲ, ಅಕ್ಕಸಾಲಿಯ ಕುಲುಮೆ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಕಾಲ್ಗೆಜ್ಜೆಯಾಗಿ, ಲೋಟವಾಗಿ ಹೋದ ಪದಕಗಳು ಲೆಕ್ಕಕ್ಕೆ ಸಿಗುವುದಿಲ್ಲ. ಹಾಗೆ ಕರಗಿದ ಪದಕದ ಅಂಚಿನ ಜೊತೆ ಒಬ್ಬ ಸವಾರನ ಹೆಸರೂ ಕರಗಿತು. ಅವನ ಊರು ಯಾವುದು, ಅವನು ಎಲ್ಲಿ ಕಾದಿದ ಎಂದು ಹೇಳಬಲ್ಲ ಒಂದೇ ಸಾಕ್ಷಿ ಎಷ್ಟೋ ಮನೆಗಳಲ್ಲಿ ಅದಾಗಿತ್ತು.

ಯುರೋಪಿನ ಮಾರುಕಟ್ಟೆಯ ಪಾಠ

ಜರ್ಮನ್, ಆಸ್ಟ್ರಿಯನ್ ವಸ್ತುಗಳನ್ನು ಪರೀಕ್ಷಿಸುವವರು ಬೆಳೆಸಿದ ಕ್ರಮದಿಂದ ನಾವು ಕಲಿಯಬೇಕಾದದ್ದಿದೆ. ಕಬ್ಬಿಣದ ಶಿಲುಬೆಯನ್ನು ಪ್ರಷ್ಯದ ಅರಸ ಮೂರನೆಯ ಫ್ರೆಡರಿಕ್ ವಿಲಿಯಂ 1813ರಲ್ಲಿ ಸ್ಥಾಪಿಸಿದ. 1914ರ ಮಾದರಿಯ ಸರಿಯಾದ ಶಿಲುಬೆ ಮೂರು ಭಾಗಗಳದ್ದು: ನಡುವೆ ಕಪ್ಪು ಬಣ್ಣದ ಕಬ್ಬಿಣ, ಅದನ್ನು ಎರಡೂ ಕಡೆಯಿಂದ ಹಿಡಿದ ಬೆಳ್ಳಿಯ ಚೌಕಟ್ಟು. ಅಯಸ್ಕಾಂತ ಹಿಡಿದರೆ ನಡುವಿನ ಭಾಗ ಅಂಟಬೇಕು, ಅಂಚಿನಲ್ಲಿ ಬೆಸುಗೆಯ ಗೆರೆ ಕಾಣಬೇಕು. ಒಂದೇ ಎರಕದಲ್ಲಿ ಹೊಯ್ದು ಬಣ್ಣ ಬಳಿದದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಆಸ್ಟ್ರಿಯದ ಚಕ್ರವರ್ತಿ ಕಾರ್ಲ್ 1916ರ ಡಿಸೆಂಬರಿನಲ್ಲಿ ಸೈನಿಕರಿಗೆಂದು ಸ್ಥಾಪಿಸಿದ ಶಿಲುಬೆ ಸತುವಿನದು. ಯುದ್ಧದಿಂದ ಸಾಮ್ರಾಜ್ಯ ಬಸವಳಿದು ಒಳ್ಳೆಯ ಲೋಹಕ್ಕೂ ಅಭಾವ ಬಂದ ಕಾಲ ಅದು. ಹೊಳೆಯುವ ಕಂಚಿನಲ್ಲಿ ಅದೇ ಪದಕ ಕಂಡರೆ ಸಂಶಯಪಡಬೇಕು. ಲೋಹ ಹೇಳುವ ಕಥೆ ಕಾಲದ ಕಥೆಗೆ ಹೊಂದಬೇಕು ಎಂಬುದು ಇಲ್ಲಿನ ಸೂತ್ರ.

ಇನ್ನೊಂದು ಪಾಠ ನಾಣ್ಯದ್ದು. ಆಸ್ಟ್ರಿಯದ ಮಹಾರಾಣಿ ಮರಿಯಾ ತೆರೇಸಾ 1780ರಲ್ಲಿ ತೀರಿಕೊಂಡಳು. ಅವಳ ಮುಖವಿರುವ ಬೆಳ್ಳಿಯ ಥಾಲರ್ ನಾಣ್ಯಕ್ಕೆ ಅರಬರ ನಾಡಿನಲ್ಲಿ, ಇಥಿಯೋಪಿಯಾದಲ್ಲಿ ಎಂಥ ನಂಬಿಕೆ ಇತ್ತೆಂದರೆ, ಅದೇ 1780ರ ತಾರೀಖು ಇಟ್ಟು ವಿಯೆನ್ನಾ ಮಾತ್ರವಲ್ಲ, ಬೇರೆ ದೇಶಗಳ ಟಂಕಸಾಲೆಗಳೂ ಅದನ್ನು ಅಚ್ಚು ಹಾಕಿದವು. ಎರಡನೆಯ ಮಹಾಯುದ್ಧದಲ್ಲಿ, 1940-41ರಲ್ಲಿ, ಇಥಿಯೋಪಿಯಾದ ಯುದ್ಧದ ಖರ್ಚಿಗಾಗಿ ನಮ್ಮ ಮುಂಬಯಿ ಟಂಕಸಾಲೆಯೂ ಅಚ್ಚು ಹಾಕಿತು. ತೂಕ 28 ಗ್ರಾಂ ಸುಮಾರು, ಬೆಳ್ಳಿಯ ಪ್ರಮಾಣ ಅದೇ, ತಾರೀಖು ಅದೇ. ಹದ್ದಿನ ಬಾಲದ ಗರಿ, ರಾಣಿಯ ಎದೆಯ ಬ್ರೋಚಿನ ಮುತ್ತುಗಳು, ಇಂಥ ಸೂಕ್ಷ್ಮಗಳಿಂದ ಮಾತ್ರ ಯಾವುದು ಎಲ್ಲಿಯದೆಂದು ಬಲ್ಲವರು ಹೇಳುತ್ತಾರೆ. ವಸ್ತುವಿನ ಮೇಲೆ ಬರೆದ ವರ್ಷವೇ ಅದರ ವಯಸ್ಸು ಎಂದು ನಂಬುವವರಿಗೆ ಇದಕ್ಕಿಂತ ಸ್ಪಷ್ಟ ಎಚ್ಚರಿಕೆ ಬೇರೆ ಬೇಕಿಲ್ಲ.

ಹಿಟ್ಲರನ ಕಾಲದ ವಸ್ತುಗಳ ಬಗ್ಗೆ ನನ್ನ ಮಾತು ನೇರವಾಗಿದೆ. ಈ ಮಾರುಕಟ್ಟೆಯಲ್ಲಿ ನಕಲಿ ವಿಪರೀತ. ಆದರೆ ಅಸಲಿಯೇ ಸಿಕ್ಕರೂ ಅದನ್ನು ಮನೆಯ ಗೋಡೆಗೆ ತೂಗುಹಾಕುವುದು ಒಪ್ಪತಕ್ಕದ್ದಲ್ಲ. ಲಕ್ಷಾಂತರ ಜನರನ್ನು ಜನಾಂಗದ ಹೆಸರಿನಲ್ಲಿ ಕೊಂದ ಆಡಳಿತದ ಲಾಂಛನ ಅದು. ಜರ್ಮನಿ ಮತ್ತು ಆಸ್ಟ್ರಿಯದ ಕಾನೂನುಗಳೇ ಅದರ ಬಹಿರಂಗ ಪ್ರದರ್ಶನವನ್ನು ಅಪರಾಧವೆನ್ನುತ್ತವೆ. ಅದರ ಜಾಗ ಸಂಗ್ರಹಾಲಯ, ವಿವರಣೆಯ ಜೊತೆಗೆ.

ನಮ್ಮ ಮನೆಬಾಗಿಲಿನ ನಕಲಿ

ನಮ್ಮ ಕಡೆ ಮೋಸದ ರೂಪಗಳು ಬೇರೆ. ಪಾಯ ತೋಡುವಾಗ ಚಿನ್ನದ ನಾಣ್ಯ ಸಿಕ್ಕಿತು ಎಂದು ಫೋನು ಮಾಡಿ, ಮೊದಲು ಒಂದು ಅಸಲಿ ನಾಣ್ಯ ತೋರಿಸಿ, ಆಮೇಲೆ ಹಿತ್ತಾಳೆಯ ಗಂಟು ಕೊಟ್ಟು ಓಡುವವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಕ್ಕಿ ಸೆಳೆಯುವ ತಾಮ್ರದ ಚೆಂಬು ಎಂದು ಲಕ್ಷಗಟ್ಟಲೆ ಹಣ ದೋಚುವ 'ರೈಸ್ ಪುಲ್ಲರ್' ಜಾಲವಂತೂ ಎಲ್ಲರಿಗೂ ಗೊತ್ತು. ಇನ್ನೊಂದು ಗುಂಪು ನಿಧಿಗಳ್ಳರದು: ಗುಡಿಯ ಗರ್ಭಗುಡಿ, ಬಸವಣ್ಣನ ಪೀಠ, ವೀರಗಲ್ಲಿನ ಬುಡ ಯಾವುದನ್ನೂ ಬಿಡದೆ ಅಗೆಯುತ್ತಾರೆ. ನಿಧಿ ಸಿಗುವುದಿಲ್ಲ; ಸಾವಿರ ವರ್ಷದ ಕಲ್ಲು ಮಾತ್ರ ಎರಡು ತುಂಡಾಗುತ್ತದೆ. ಆಯುಧಗಳ ಇತಿಹಾಸಕ್ಕೆ ಈ ನಷ್ಟ ಬಹಳ ದೊಡ್ಡದು. ಯಾವ ಶತಮಾನದಲ್ಲಿ ಕತ್ತಿ ಎಷ್ಟು ಅಗಲವಿತ್ತು, ಕಟಾರಿ ಸೊಂಟದ ಯಾವ ಕಡೆ ಇರುತ್ತಿತ್ತು, ಢಾಲು ದುಂಡಗೋ ಉದ್ದವೋ ಎಂಬುದಕ್ಕೆ ತಾರೀಖು ಸಮೇತ ಸಿಗುವ ಚಿತ್ರ ವೀರಗಲ್ಲಿನ ಮೇಲೆಯೇ ಇದೆ.

ಆಯುಧಗಳಲ್ಲಿ ಮೂರು ಬಗೆಯ ಗೊಂದಲ ಕಾಣುತ್ತದೆ. ಒಂದು, ಅಲಂಕಾರಕ್ಕೆಂದು ಮಾಡಿದ ಪ್ರತಿಕೃತಿ. ಡೆಹ್ರಾಡೂನ್, ರಾಜಸ್ಥಾನದ ಕಡೆ ಇದು ದೊಡ್ಡ ಉದ್ಯಮ. ಮಾಡುವವರದು ಪ್ರಾಮಾಣಿಕ ಕಸುಬೇ. ಮೋಸ ಹುಟ್ಟುವುದು ನಾಲ್ಕು ಕೈ ದಾಟಿದ ಮೇಲೆ, ಆಮ್ಲ ಸವರಿ ತುಕ್ಕು ಬರಿಸಿದಾಗ. ಎರಡು, ಹಳೆಯ ಅಲಗಿಗೆ ಹೊಸ ಹಿಡಿಕೆ ಅಥವಾ ಹಳೆಯ ಹಿಡಿಕೆಗೆ ಹೊಸ ಅಲಗು ಕೂಡಿಸಿದ್ದು. ಮೂರು, ವಸ್ತು ಅಸಲಿ, ಕಥೆ ಮಾತ್ರ ನಕಲಿ. ಸಾಮಾನ್ಯ ಸಿಪಾಯಿಯ ಕತ್ತಿಗೆ 'ಕೃಷ್ಣದೇವರಾಯನ ಸೇನಾಪತಿಯದು' ಎಂಬ ಹೆಸರು ಬರುತ್ತದೆ. ಈ ಮೂರನೆಯದೇ ಹೆಚ್ಚು ಅಪಾಯದ್ದು, ಯಾಕೆಂದರೆ ಅದನ್ನು ಹಿಡಿಯಲು ಯಾವ ಪ್ರಯೋಗಾಲಯಕ್ಕೂ ಆಗುವುದಿಲ್ಲ.

ಪರೀಕ್ಷೆ ಹೇಗೆ?

ಕೈಯಲ್ಲಿ ಹಿಡಿದು ನೋಡಬಹುದಾದ ಕೆಲವು ಲಕ್ಷಣಗಳಿವೆ. ನಮ್ಮ ಹಳೆಯ ಕತ್ತಿಗಳಲ್ಲಿ ಅಲಗಿನ ಬಾಲವನ್ನು ಹಿಡಿಕೆಯ ಪೊಳ್ಳಿನೊಳಗೆ ಕರಗಿಸಿದ ಅರಗು, ರಾಳ ಹೊಯ್ದು ಕೂರಿಸುತ್ತಿದ್ದರು. ಆ ಅರಗು ಕಾಲ ಕಳೆದಂತೆ ಕಪ್ಪಾಗಿ, ಗಾಜಿನಂತೆ ಪೆಡಸಾಗಿ ಸಂದಿಯಲ್ಲಿ ಕಾಣುತ್ತದೆ. ವಿದ್ಯುತ್ ಬೆಸುಗೆಯ ಗಂಟು ಅಥವಾ ಹೊಳೆಯುವ ಎಪಾಕ್ಸಿ ಕಂಡರೆ ರಿಪೇರಿಯಾಗಿದೆ ಇಲ್ಲವೆ ಹೊಸದು ಎಂದರ್ಥ. ಹಳೆಯ ತುಕ್ಕು ಗಟ್ಟಿಯಾಗಿ, ಕಂದುಗಪ್ಪಾಗಿ ಲೋಹಕ್ಕೆ ಅಂಟಿಕೊಂಡಿರುತ್ತದೆ. ಆಮ್ಲದಿಂದ ಬಂದ ತುಕ್ಕು ಕೇಸರಿ ಬಣ್ಣದ್ದು, ಎಲ್ಲ ಕಡೆ ಒಂದೇ ಸಮ, ಬೆರಳಿಗೆ ಮೆತ್ತುತ್ತದೆ. ಬಳಕೆಯ ಸವೆತ ಎಲ್ಲ ಕಡೆ ಒಂದೇ ಆಗಿರುವುದಿಲ್ಲ: ಸಾಣೆ ಹಿಡಿದ ಕಡೆ ಅಲಗು ಕಿರಿದಾಗಿರುತ್ತದೆ, ಕೈ ತಾಗುವ ಕಡೆ ಚಿನ್ನದ ನೀರಿನ ಕೆಲಸ ಅಳಿಸಿ ಮೂಲೆಯಲ್ಲಿ ಮಾತ್ರ ಉಳಿದಿರುತ್ತದೆ. ಪೂಜೆಯಲ್ಲಿದ್ದ ಕತ್ತಿಗೆ ಎಣ್ಣೆ, ಕುಂಕುಮ, ವಿಭೂತಿಯ ಪದರ ಕಟ್ಟಿರುತ್ತದೆ.

ಅದಕ್ಕೇ ಕೈಮುಗಿದು ಹೇಳುವ ಒಂದು ಮಾತು: ಹಳೆಯ ಆಯುಧವನ್ನು ಹೊಳಪು ಬರುವ ಹಾಗೆ ಉಜ್ಜಬೇಡಿ. ಮರಳು ಕಾಗದ, ಹುಣಸೆಹಣ್ಣು, ಪಾಲಿಶ್ ಚಕ್ರ ಇವು ಹತ್ತು ನಿಮಿಷದಲ್ಲಿ ತೋಳದ ಗೀರನ್ನೂ ಮೂಸೆ ಉಕ್ಕಿನ ನೀರಲೆಯಂಥ ಮೈಯನ್ನೂ ಅಳಿಸಿಬಿಡುತ್ತವೆ. ಒಣಬಟ್ಟೆಯಿಂದ ಒರೆಸಿ ತೆಳುವಾಗಿ ಎಣ್ಣೆ ಸವರಿದರೆ ಸಾಕು. ಹೋಲಿಸಿ ನೋಡಲು ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯ, ಮೈಸೂರು ಅರಮನೆಯ ಆಯುಧಶಾಲೆ, ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಇವೆ. ರಾಬರ್ಟ್ ಎಲ್ಗುಡ್ ಅವರಂಥ ವಿದ್ವಾಂಸರು ದಕ್ಷಿಣ ಭಾರತದ ಆಯುಧಗಳನ್ನು ಶಿಲ್ಪಗಳ ಜೊತೆ, ಪೂಜಾ ಪದ್ಧತಿಯ ಜೊತೆ ಇಟ್ಟು ಓದಿದ್ದಾರೆ. ಅದೇ ಸರಿಯಾದ ದಾರಿ.

ಮಸ್ಕಿ ಕೊಟ್ಟ ಉತ್ತರ

ಇಷ್ಟೆಲ್ಲ ಲಕ್ಷಣಗಳಿದ್ದೂ ಕೊನೆಯ ಮಾತು ಹೇಳುವುದು ಯಾವುದು? ಇದಕ್ಕೆ ಮಸ್ಕಿಯನ್ನೇ ನೋಡಬೇಕು.

1915ರ ಜನವರಿಯಲ್ಲಿ ನಿಜಾಮ ಸರ್ಕಾರದ ಪರವಾಗಿ ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಅಕ್ಷರಗಳನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ದೇಶದ ತುಂಬ ದೇವಾನಾಂಪ್ರಿಯ ಎಂಬ ಬಿರುದಿನ ಅರಸನ ಶಾಸನಗಳಿದ್ದವು; ಅವನು ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ಆ ಅರಸನ ಶಾಸನದಲ್ಲೇ ಅಶೋಕನೆಂಬ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲೂ, ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿಗುವ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿ ಮಾತು ಗಟ್ಟಿಯಾಯಿತು.

ಆ ಶಾಸನವನ್ನು ಯಾರೂ ಸಂಶಯಪಡದಿರಲು ಕಾರಣವೇನು? ಅದು ತನ್ನ ಜಾಗದಲ್ಲಿತ್ತು. ಬಂಡೆಯನ್ನು ಯಾರೂ ಕಡಿದೊಯ್ದಿರಲಿಲ್ಲ. ಅದೇ ಬರಹ ಗುರುತಿಲ್ಲದ ಒಂದು ತುಂಡು ಕಲ್ಲಿನ ಮೇಲೆ ಯಾವುದೋ ಅಂಗಡಿಯಲ್ಲಿ ಕಂಡಿದ್ದರೆ, ಇಂದಿಗೂ ವಾದ ಮುಗಿಯುತ್ತಿರಲಿಲ್ಲ.

ಮಸ್ಕಿ ಇನ್ನೂ ಒಂದು ಮಾದರಿ ಕೊಟ್ಟಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿ ಇಲ್ಲಿನ ನೆಲದ ಮೇಲೆ ಬಿದ್ದಿದ್ದ ಕಲ್ಲಿನ ಆಯುಧ, ಮಡಕೆ ಚೂರು, ಮಣಿಗಳನ್ನು ಆಯ್ದರು. ಅವರೂ ಸಂಗ್ರಾಹಕರೇ. ಆದರೆ ಪ್ರತಿ ವಸ್ತುವಿಗೂ ಸಿಕ್ಕ ಊರನ್ನು ಬರೆದಿಟ್ಟರು. 1904ರಲ್ಲಿ ಆ ಸಂಗ್ರಹ ಮದ್ರಾಸ್ ಸಂಗ್ರಹಾಲಯ ಸೇರಿತು. ಊರೂರಿನ ಪಟ್ಟಿ ಸಮೇತ ಅದರ ಸೂಚಿ 1914 ಮತ್ತು 1916ರಲ್ಲಿ ಅಚ್ಚಾಯಿತು. ಮುಂದೆ 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ನಡೆಸಿ, ಬೃಹತ್ ಶಿಲಾಯುಗದ ಗೋರಿಗಳಲ್ಲಿ ಕಬ್ಬಿಣದ ಆಯುಧಗಳನ್ನು ಯಾವ ಪದರದಲ್ಲಿ, ಯಾವ ಮಡಕೆಯ ಪಕ್ಕದಲ್ಲಿ ಎಂಬ ವಿವರದೊಡನೆ ಹೊರತೆಗೆದರು. ಆ ತುಕ್ಕು ಹಿಡಿದ ಈಟಿಯ ತುದಿಗೆ ಸಂತೆಯಲ್ಲಿ ಬೆಲೆ ಇಲ್ಲ. ಆದರೆ ಅದು ಹೇಳುವಷ್ಟು ಸತ್ಯವನ್ನು ಹರಾಜಿನಲ್ಲಿ ಕೋಟಿಗೆ ಹೋಗುವ ಊರಿಲ್ಲದ ಕತ್ತಿ ಹೇಳಲಾರದು.

ನಾನು ಹೇಳಬೇಕೆಂದಿರುವುದು ಇಷ್ಟೇ. ಅಸಲಿತನದ ಅರ್ಧ ವಸ್ತುವಿನ ಮೈಯಲ್ಲಿದೆ, ಇನ್ನರ್ಧ ಅದು ಬಂದ ದಾರಿಯಲ್ಲಿದೆ. ಮೈಯನ್ನು ನಕಲು ಮಾಡಬಹುದು. ಬರೆದಿಟ್ಟ ದಾರಿಯನ್ನು ನಕಲು ಮಾಡುವುದು ಕಷ್ಟ.

ಕಾನೂನು ಏನನ್ನುತ್ತದೆ

ನೂರು ವರ್ಷ ದಾಟಿದ ವಸ್ತು ಪುರಾತನ ವಸ್ತು ಎನ್ನುತ್ತದೆ 1972ರ ಪುರಾತನ ವಸ್ತುಗಳು ಮತ್ತು ಕಲಾಸಂಪತ್ತಿನ ಕಾಯ್ದೆ. ಅದನ್ನು ಮಾರುವ ವ್ಯವಹಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ದೇಶದ ಹೊರಗೆ ಕಳಿಸುವಂತೆಯೇ ಇಲ್ಲ. ನೆಲದಲ್ಲಿ ಹೂತದ್ದು ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ನಿಯಮ 1878ರ ನಿಧಿ ಕಾಯ್ದೆಯಿಂದಲೂ ಇದೆ; ಕರ್ನಾಟಕಕ್ಕೆ 1962ರ ಸ್ವಂತ ಕಾಯ್ದೆಯಿದೆ. 1959ರ ಆಯುಧ ಕಾಯ್ದೆಯ 45ನೆಯ ಕಲಂ, ರಿಪೇರಿ ಮಾಡಿದರೂ ಬಂದೂಕಾಗಿ ಬಳಸಲಾಗದ, ಹಳೆಯ ಮಾದರಿಯ ಅಥವಾ ಪುರಾತನ ಬೆಲೆಯ ಆಯುಧಕ್ಕೆ ವಿನಾಯಿತಿ ಕೊಟ್ಟಿದೆ. ಮನೆಯಲ್ಲಿ ಹಳೆಯ ಬಂದೂಕು ಇರುವವರು ಅದು ಈ ವಿನಾಯಿತಿಗೆ ಒಳಪಡುತ್ತದೆಯೇ ಎಂದು ತಾವೇ ತೀರ್ಮಾನಿಸದೆ ಅಧಿಕಾರಿಗಳಿಂದ ಬರಹದಲ್ಲಿ ತಿಳಿದುಕೊಳ್ಳುವುದು ಒಳ್ಳೆಯದು.

ಕಾನೂನಿನ ಉದ್ದೇಶ ಒಳ್ಳೆಯದೇ. ಆದರೆ ಹಳ್ಳಿಯ ಮನೆಗಳಲ್ಲಿ ಅದು ಹುಟ್ಟಿಸಿರುವುದು ಭಯ. ತೋರಿಸಿದರೆ ಕಸಿದುಕೊಳ್ಳುತ್ತಾರೆ ಎಂಬ ಭಯದಿಂದ ವಸ್ತು ಅಟ್ಟ ಸೇರುತ್ತದೆ, ಅಟ್ಟದಿಂದ ಗುಜರಿಯವನ ತಕ್ಕಡಿಗೆ ಹೋಗುತ್ತದೆ. ಕಿಲೋ ಲೆಕ್ಕದಲ್ಲಿ ಹೋದ ಕತ್ತಿಗೆ ಆಮೇಲೆ ಊರೂ ಇಲ್ಲ, ಹೆಸರೂ ಇಲ್ಲ.

ಆಗಬೇಕಾದ ಕೆಲಸ

ಇದಕ್ಕೆ ಬೇಕಾದದ್ದು ದೊಡ್ಡ ಕಟ್ಟಡವಲ್ಲ, ದೊಡ್ಡ ಹಣವಲ್ಲ. ವಸ್ತು ಎಲ್ಲಿದೆಯೋ ಅಲ್ಲೇ ಇರಲಿ, ಅದರ ವಿವರ ಮಾತ್ರ ಎಲ್ಲರಿಗೂ ಸಿಗುವಂತಾಗಲಿ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಾಲೇಜುಗಳಲ್ಲಿ ಇತಿಹಾಸ ಓದುವ ಮಕ್ಕಳಿದ್ದಾರೆ. ಮನೆಯವರ ಒಪ್ಪಿಗೆ ಪಡೆದು, ಹೆಸರು ಗುಟ್ಟಾಗಿಡಬೇಕೆಂದರೆ ಗುಟ್ಟಾಗಿಟ್ಟು, ಊರಿಗೊಂದು ವಹಿ ಬರೆಯಬಹುದು. ಅಲಗಿನ ಉದ್ದ, ಅಗಲ, ತೂಕ, ಅಳತೆಪಟ್ಟಿ ಪಕ್ಕದಲ್ಲಿಟ್ಟು ತೆಗೆದ ಎರಡೂ ಮಗ್ಗುಲಿನ ಚಿತ್ರ, ಗುರುತು, ಅಕ್ಷರ ಇದ್ದರೆ ಹತ್ತಿರದ ಚಿತ್ರ, ಎಲ್ಲಿ ರಿಪೇರಿಯಾಗಿದೆ, ಎಷ್ಟು ತಲೆಮಾರಿನಿಂದ ಈ ಮನೆಯಲ್ಲಿದೆ, ಹಿರಿಯರು ಏನು ಹೇಳುತ್ತಾರೆ, ಯಾವ ಹಬ್ಬದಲ್ಲಿ ಹೊರಗೆ ತರುತ್ತಾರೆ. ಹಿರಿಯರ ಮಾತನ್ನು ಅವರ ಮಾತಾಗಿಯೇ ಬರೆಯಬೇಕು, ಇತಿಹಾಸವೆಂದು ತೀರ್ಪು ಕೊಡುವ ಅವಸರ ಬೇಡ. ತೀರ್ಪು ಕೊಡುವವರು ನಾಳೆ ಬರುತ್ತಾರೆ. ಅವರಿಗೆ ಬೇಕಾಗುವ ಸಾಕ್ಷಿ ಇವತ್ತು ಹೋಗುತ್ತಿದೆ. ಪುರಾತತ್ವ ಇಲಾಖೆಯೂ ವಶಪಡಿಸಿಕೊಳ್ಳುವ ಕೈಯಾಗಿ ಬರದೆ, ಗುರುತಿಸಿ ಹೇಳುವ ಕಣ್ಣಾಗಿ ಹಳ್ಳಿಗೆ ಬರಬೇಕು.

ಮುಹೂರ್ತ ಹುಡುಕಬೇಕಾಗಿಲ್ಲ. ಮಹಾನವಮಿಯ ಆಯುಧಪೂಜೆಗೆ, ಮುದಗಲ್ಲಿನ ಹೆಸರಾಂತ ಮೊಹರಂಗೆ, ವೀರಭದ್ರನ ಜಾತ್ರೆಗೆ ಮುಚ್ಚಿಟ್ಟ ಆಯುಧಗಳೆಲ್ಲ ತಾವಾಗಿಯೇ ಹೊರಗೆ ಬರುತ್ತವೆ. ಆ ದಿನ ಒಂದು ವಹಿ, ಒಂದು ಅಳತೆಪಟ್ಟಿ, ಒಂದು ಮೊಬೈಲ್ ಹಿಡಿದು ನಾಲ್ಕು ಮಕ್ಕಳು ಕೂತರೆ, ಐದು ವರ್ಷದಲ್ಲಿ ಎಡೆದೊರೆಯ ಆಯುಧಗಳ ನಂಬಲರ್ಹ ದಾಖಲೆ ತಯಾರಾಗುತ್ತದೆ. ಫೂಟ್ ಒಬ್ಬರೇ ನೂರಾರು ಊರುಗಳ ವಿವರ ಬರೆದಿಟ್ಟು ಹೋದರು. ನಮ್ಮ ಊರಿನ ವಿವರ ನಾವು ಬರೆಯಲು ಆಗದ ಕೆಲಸವೇನಲ್ಲ.